ಮೂರನೆಯ ಕೊಕ್ಕೆ

ಬೀದಿಯವರು ಗಾಜಿನ ಅಂಗಡಿ ಎನ್ನುವ ಸೂಪರ್ ಮಾರ್ಕೆಟ್ಟಿನಲ್ಲಿ ಕಾಲು ಗಂಟೆಗೊಮ್ಮೆ ಮಂಜು ಬೀಳುತ್ತಿತ್ತು.

ಮೊದಲು ಎಲ್ಲೋ ಒಂದು ಸಣ್ಣ ಗಂಟೆ ಟಿಣ್ ಎನ್ನುವುದು. ಆಮೇಲೆ ಸೊಪ್ಪಿನ ಸಾಲಿನ ಮೇಲಿದ್ದ ಕೊಳವೆಗಳಿಂದ ಹೊಗೆಯಂಥ ನೀರು ಇಳಿದು ಎಲೆಗಳ ಮೇಲೆ ಕೂರುವುದು. ಪ್ರತಿ ಶನಿವಾರ ಸಂಜೆ ಅವಳು ಆ ಹೊತ್ತಿಗೆ ಸರಿಯಾಗಿ ಕಿಟಕಿ ಪಕ್ಕದ ಸೊಪ್ಪಿನ ಸಾಲಿಗೆ ಬಂದು ನಿಲ್ಲುತ್ತಿದ್ದಳು. ಸೊಪ್ಪು ಆರಿಸುವುದಕ್ಕಲ್ಲ.

ರಸ್ತೆಯ ಆಚೆ, ನೇರ ಎದುರಿಗೆ, ಕೊಕ್ಕೆಯಣ್ಣನ ತರಕಾರಿ ಅಂಗಡಿ. ಇಲ್ಲಿ ಮಂಜು ಇಳಿದಾಗಲೇ ಅಲ್ಲಿ ಅವನು ಬಕೆಟ್ಟಿಗೆ ಕೈ ಅದ್ದಿ ತನ್ನ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಿದ್ದ. ಗಂಟೆಯ ಸದ್ದು ರಸ್ತೆ ದಾಟಿ ಅವನಿಗೆ ಕೇಳಿಸುವ ಮಾತೇ ಇಲ್ಲ. ಆದರೂ ಎರಡು ಕಡೆಯೂ ಒಂದೇ ಗಳಿಗೆಯಲ್ಲಿ ನೀರು ಬೀಳುತ್ತಿತ್ತು. ಇದು ಹೇಗೆ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ನಿಂತುಹೋದೀತು ಎಂಬ ಭಯ.

ಕಳೆದ ತಿಂಗಳು ಒಂದು ಸಂಜೆ ಅವನು ಕುಡುಗೋಲಿನ ಹಾಗೆ ಬಾಗಿದ ಸೌತೆಕಾಯಿಯೊಂದನ್ನು ಎತ್ತಿ ಹಿಡಿದು, ನಿಮ್ಮ ಅಂಗಡಿಯಲ್ಲಿ ಇಂಥದ್ದು ಸಿಗುತ್ತದೆಯೇ ಎಂಬಂತೆ ಹುಬ್ಬು ಹಾರಿಸಿದ್ದ. ಅವಳು ತನ್ನ ಕೈಯಲ್ಲಿದ್ದ ಸೌತೆಕಾಯಿ ತೋರಿಸಿದಳು. ಅಳತೆಪಟ್ಟಿಯಷ್ಟು ನೆಟ್ಟಗೆ, ಪ್ಲಾಸ್ಟಿಕ್ ಅಂಗಿ ತೊಟ್ಟು ಕೂತಿತ್ತು ಅದು. ಅವನು ನಕ್ಕ. ಅವಳಿಗೂ ನಗು ಬಂತು. ಬಂದದ್ದನ್ನು ತಕ್ಷಣ ನುಂಗಿಕೊಂಡಳು. ಅವನ ತಲೆಯ ಹಿಂದೆ, ಮೂರನೆಯ ಕೊಕ್ಕೆಯಲ್ಲಿ, ಆ ಚೀಲ ತೂಗುತ್ತಿತ್ತು.

ಅವನಿಗೆ ಆ ಹೆಸರು ಬಂದದ್ದು ಗೋಡೆಯ ಕಬ್ಬಿಣದ ಕೊಕ್ಕೆಗಳಿಂದ. ಬೀದಿಯವರು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ತಮ್ಮ ತಮ್ಮ ಕೊಕ್ಕೆಗೆ ಚೀಲ ನೇತುಹಾಕಿ, ಒಳಗೊಂದು ಚೀಟಿ ಇಟ್ಟು ಹೋಗುತ್ತಿದ್ದರು. ಸಂಜೆ ಬರುವಷ್ಟರಲ್ಲಿ ಚೀಲ ತುಂಬಿರುತ್ತಿತ್ತು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೂ ಯಾರ ಕೊಕ್ಕೆ ಯಾವುದು ಎಂಬುದು ಎಲ್ಲರಿಗೂ ಗೊತ್ತು. ಮೂರನೆಯದು ಮೇಷ್ಟ್ರದ್ದು. ಮೇಷ್ಟ್ರು ಎಂದರೆ ಅವಳ ಗಂಡ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಮೂಲಂಗಿ ಬೇಯಿಸುತ್ತಿದ್ದಳು. ಅವಳಿಗೆ ಅದು ಪ್ರಾಣ. ಗಂಡನಿಗೆ ಅದರ ವಾಸನೆ ಕಂಡರಾಗದು. "ಈ ಮನೇಲಿ ಮೂಲಂಗಿ ಬೇಯೋ ದಿನ ನಾನಿರಲ್ಲ" ಎಂದು ಸಿಡುಕಿದ. ಮಾಮೂಲಿ ಜಗಳ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಆ ದಿನ ತಲೆನೋವಿತ್ತು. "ಆಯ್ತು, ಹೋಗಿ" ಎಂದಳು.

ಅವನು ಚೀಲ ತೆಗೆದುಕೊಂಡು ಹೋದ. ಕೊಕ್ಕೆಗೆ ನೇತುಹಾಕಿ ಬಸ್ ಸ್ಟಾಪಿನ ತನಕ ನಡೆದ. ಅಲ್ಲಿ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಚೀಲ ಕೊಕ್ಕೆಯಲ್ಲೇ ಉಳಿಯಿತು.

ಅಂದಿನಿಂದ ಆ ಎರಡು ಮಾತು ಮನೆಯಲ್ಲೇ ಉಳಿದವು. ಕುಕ್ಕರಿನ ಹಬೆಯಲ್ಲಿ, ನಲ್ಲಿಯ ಹನಿಯಲ್ಲಿ ತನ್ನದೇ ದನಿ ಅವಳಿಗೆ ಕೇಳುತ್ತಿತ್ತು: ಆಯ್ತು, ಹೋಗಿ.

ಗಾಜಿನ ಅಂಗಡಿಗೆ ಅವಳು ಹೋಗತೊಡಗಿದ್ದು ಅದಕ್ಕೇ. ಅಲ್ಲಿ ಯಾರಿಗೂ ಅವಳು ಗೊತ್ತಿರಲಿಲ್ಲ. ಮೇಷ್ಟ್ರು ಹೇಗೆ ಹೋದರು ಎಂದು ಯಾರೂ ಮರುಗುತ್ತಿರಲಿಲ್ಲ. ಅಲ್ಲಿ ತರಕಾರಿಗಳಿಗೆ ವಾಸನೆಯೂ ಇರಲಿಲ್ಲ. ಮಾತಾಡುತ್ತಿದ್ದುದು ಬಿಲ್ ಮಾಡುವ ಯಂತ್ರ ಒಂದೇ. ಒಂದು ಶನಿವಾರ ಅವಳು ತನ್ನ ಖಾಲಿ ಚೀಲವನ್ನು ಅದರ ತೂಕದ ತಟ್ಟೆಯ ಮೇಲಿಟ್ಟಾಗ ಅದು ಮೃದುವಾಗಿ ಹೇಳಿತು: "ದಯವಿಟ್ಟು ಚೀಲದಲ್ಲಿರುವ ವಸ್ತುವನ್ನು ಹೊರಗೆ ತೆಗೆಯಿರಿ."

"ಏನೂ ಇಲ್ಲ ಕಣಮ್ಮ" ಎಂದಳು ಅವಳು, ಯಂತ್ರಕ್ಕೆ.

"ದಯವಿಟ್ಟು ಚೀಲದಲ್ಲಿರುವ ವಸ್ತುವನ್ನು ಹೊರಗೆ ತೆಗೆಯಿರಿ."

ಅವಳು ಚೀಲವನ್ನು ಬೋರಲು ಹಾಕಿ ಒದರಿದಳು. ಏನೂ ಬೀಳಲಿಲ್ಲ. ಆದರೆ ಯಂತ್ರ ಸುಳ್ಳು ಹೇಳುತ್ತಿದೆ ಎಂದು ಅವಳಿಗೆ ಅನ್ನಿಸಲಿಲ್ಲ.

ಮನೆಯಲ್ಲಿ ಅತ್ತೆ ಟೊಮೆಟೊ ಒಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಮಂಡಿನೋವಿನಿಂದ ಅವರು ಮೆಟ್ಟಿಲಿಳಿದು ವರ್ಷಗಳೇ ಆಗಿದ್ದವು. ಬಾಯಿ ಮಾತ್ರ ಇನ್ನೂ ಬೀದಿ ಸುತ್ತುತ್ತಿತ್ತು.

"ಏನೇ ಇದು, ಹಣ್ಣಿನ ಮೇಲೆ ಚೀಟಿ?"

"ಆರ್ಗ್ಯಾನಿಕ್ ಅತ್ತೆ. ಯಾರು ಬೆಳೆದಿದ್ದು, ಎಲ್ಲಿ ಬೆಳೆದಿದ್ದು, ಎಲ್ಲಾ ಬರೆದಿದೆ."

"ವಂಶಾವಳಿ ಚೆನ್ನಾಗಿದೆ. ರುಚಿ ಎಲ್ಲಿ? ಆ ಸೊಪ್ಪು ನೋಡು, ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬಂದ ಹಾಗಿದೆ. ಊರವರಿಗೆಲ್ಲ ಕಣ್ಣು ಪರೀಕ್ಷೆ ಮಾಡ್ತೀಯ, ನಿನಗೆ ಎದುರುಗಡೆ ಅಂಗಡಿ ಕಾಣಲ್ವಾ?"

ಅವಳು ಸೊಪ್ಪು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಕಾಣುತ್ತದೆ ಎಂಬುದೇ ಕಷ್ಟವಾಗಿತ್ತು.

ಮಂಗಳವಾರ ಮಧ್ಯಾಹ್ನ ಅವಳ ಕನ್ನಡಕದ ಅಂಗಡಿಯ ಬಾಗಿಲು ತಳ್ಳಿಕೊಂಡು ಕೊಕ್ಕೆಯಣ್ಣ ಬಂದ. ತೊಳೆದ ಶರ್ಟು, ಬಾಚಿದ ತಲೆ. ಜೇಬಿನಲ್ಲಿ ಮಾತ್ರ ಎಂದಿನ ಚೀಟಿಗಳ ಕಂತೆ.

"ಕಣ್ಣು ತೋರಿಸಬೇಕಿತ್ತು ಮೇಡಂ."

ಎರಡು ವರ್ಷದಲ್ಲಿ ಅವರಿಬ್ಬರ ನಡುವಿನ ಮೊದಲ ಮಾತು. ರಸ್ತೆಯಗಲದ ಅಂತರ ಒಮ್ಮೆಗೇ ಇಲ್ಲವಾದದ್ದರಿಂದ ಇಬ್ಬರಿಗೂ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಒಳಗಿನ ಪುಟ್ಟ ಕತ್ತಲೆ ಕೋಣೆಯಲ್ಲಿ ಅವನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದಳು. ಪರೀಕ್ಷೆಯ ಚೌಕಟ್ಟನ್ನು ಅವನ ಮೂಗಿನ ಮೇಲಿಟ್ಟು, ಕಿವಿಯ ಹಿಂದೆ ಕೈ ಹಾಕಿ ಕಡ್ಡಿ ಸರಿಮಾಡಿದಳು. ಅವನು ಉಸಿರು ಬಿಗಿಹಿಡಿದಿದ್ದ. ಅವನಿಂದ ಕೊತ್ತಂಬರಿಯ, ಒದ್ದೆ ಗೋಣಿಯ ವಾಸನೆ ಬರುತ್ತಿತ್ತು. ವಾಸನೆ ಎಂಬುದೊಂದು ಇದೆ ಎಂಬುದನ್ನೇ ಅವಳು ಮರೆತಿದ್ದಳು.

"ದೂರದ್ದು ಕಾಣುತ್ತಾ?"

"ರಸ್ತೆ ಆಚೆ ತನಕ ಚೆನ್ನಾಗೇ ಕಾಣುತ್ತೆ. ಹತ್ತಿರದ್ದೇ ಕಷ್ಟ."

ಅವಳು ಗಾಜು ಬದಲಾಯಿಸಿದಳು. "ಹೀಗೆ ಚೆನ್ನಾಗಿದೆಯಾ, ಇಲ್ಲ ಹೀಗಾ?"

"ಎರಡೂ ಚೆನ್ನಾಗಿದೆ."

"ಒಂದೇ ಹೇಳಬೇಕು ರೀ."

"ಹಾಗಾದ್ರೆ ನೀವು ಕೈ ತೆಗೆಯೋಕೆ ಮುಂಚೆ ಇದ್ದದ್ದು."

ಕತ್ತಲಿದ್ದದ್ದು ಒಳ್ಳೆಯದಾಯಿತು. ಅವಳು ಇನ್ನೊಂದು ಗಾಜು ಹುಡುಕುವ ನೆಪದಲ್ಲಿ ಪೆಟ್ಟಿಗೆಯ ಕಡೆ ತಿರುಗಿದಳು. "ನೀವು ನೀರು ಹಾಕೋ ಹೊತ್ತೂ ನಮ್ಮ... ಆ ಅಂಗಡಿಯ ಮಂಜಿನ ಹೊತ್ತೂ ಒಂದೇ ಹೇಗೆ?" ಕೇಳಬಾರದೆಂದುಕೊಂಡದ್ದು ಬಾಯಿಂದ ಜಾರಿಹೋಗಿತ್ತು.

"ಮಂಜು ಬಿದ್ದಾಗ ಗಾಜು ಮಸುಕಾಗಿ ನಿಮ್ಮ ಮುಖ ಕಾಣಲ್ಲ. ಆಗ ತಾನೆ ನನಗೆ ಕೆಲಸಕ್ಕೆ ಬಿಡುವು."

ಅವಳು ಹತ್ತಿರದ ದೃಷ್ಟಿಯ ಗಾಜು ಹಾಕಿ, ಸಣ್ಣ ದೀಪ ಹೊತ್ತಿಸಿದಳು. "ದಿನಾ ಓದೋದು ಏನಾದ್ರೂ ಇದೆಯಾ? ಅದನ್ನೇ ಓದಿ ನೋಡೋಣ."

ಅವನು ಜೇಬಿನ ಕಂತೆ ತೆಗೆದ. "ಈರುಳ್ಳಿ, ಒಂದು ಕಿಲೊ. ಕ್ಯಾರೆಟ್, ಅರ್ಧ" ಎಂದು ಮೊದಲನೆಯದನ್ನು ಸರಾಗವಾಗಿ ಓದಿದ. ಎರಡನೆಯದೂ ಹಾಗೆಯೇ. ಮೂರನೆಯದು ಹಳೆಯ ಕಾಗದ. ಮಡಿಕೆಗಳಲ್ಲಿ ಸವೆದು ಬಟ್ಟೆಯಂತಾಗಿತ್ತು. ಅದನ್ನು ಹುಷಾರಾಗಿ ಬಿಡಿಸಿದ.

"ಮೂಲಂಗಿ, ಮೂರು ಕಟ್ಟು. ಎಳೆಯದು."

ಅವಳು ಗಾಜುಗಳ ಪೆಟ್ಟಿಗೆ ಮುಚ್ಚಿ ಅವನ ಕಡೆ ತಿರುಗಿದಳು.

"ಕೆಳಗೆ ಇನ್ನೊಂದು ಸಾಲಿದೆ ಮೇಡಂ" ಎಂದ ಅವನು, ತನಗೇ ಅಚ್ಚರಿಯಾದಂತೆ. "ಇಷ್ಟು ದಿನ ಇದನ್ನ ಮಡಿಕೆ ಗುರುತು ಅಂದ್ಕೊಂಡಿದ್ದೆ." ದೀಪದ ಹತ್ತಿರ ಹಿಡಿದು ಒಂದೊಂದೇ ಪದ ಓದಿದ: "ಅವಳ ಕೈಗೆ ಕೊಡಬೇಡಿ. ನಾನೇ ಕೊಡಬೇಕು."

ಅವಳು ಕಾಗದ ಕಸಿದುಕೊಂಡಳು. ಪೆನ್ಸಿಲಿನ ಬರಹ. ಮಕ್ಕಳ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದೂ ಬರೆದೂ ಸಾಸಿವೆಯಷ್ಟಾದ ಅಕ್ಷರಗಳು. ಆ ಬೆಳಿಗ್ಗೆಯದೇ. ಸಿಡುಕಿಕೊಂಡು ಹೋದವನು ಅಂಗಡಿಯ ಮುಂದೆ ನಿಂತು ಬರೆದದ್ದು.

"ಯಾವಾಗಿಂದ ಇದು ನಿಮ್ಮ ಹತ್ರ ಇದೆ?"

"ಅವತ್ತಿಂದ."

"ಅವರಿಗೆ ಮೂಲಂಗಿ ಆಗಲ್ಲ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಮೂಲಂಗಿ ಒಂದು ಬಿಟ್ಟು ಏನಾದ್ರೂ ಹಾಕಿ ಅಂತ ಯಾವಾಗಲೂ ಅನ್ನೋರು. ಇದು ನಿಮಗೋಸ್ಕರ ಅಂತ ಓದಿದ ಕೂಡಲೇ ತಿಳೀತು." ಅವನು ಚೌಕಟ್ಟು ತೆಗೆಯಲೂ ಮರೆತಿದ್ದ, ದಪ್ಪ ಗಾಜಿನ ಹಿಂದೆ ಕಣ್ಣುಗಳು ದೊಡ್ಡದಾಗಿ, ಬಚ್ಚಿಟ್ಟುಕೊಳ್ಳಲು ಜಾಗವಿಲ್ಲದಂತೆ ಕಾಣುತ್ತಿದ್ದವು. "ಮೊದಲು ಕೊಡೋಕೆ ಧೈರ್ಯ ಬರಲಿಲ್ಲ. ಆಮೇಲೆ ನೀವು ಬರೋದು ನಿಲ್ಲಿಸಿದ್ರಿ. ಆಮೇಲೆ... ಸುಳ್ಳು ಯಾಕೆ ಹೇಳಲಿ. ಆ ಚೀಲ ನೋಡೋಕಾದ್ರೂ ನೀವು ನನ್ನ ಕಡೆ ನೋಡ್ತಿದ್ರಿ. ಚೀಟಿ, ಚೀಲ ಎರಡೂ ಕೊಟ್ಬಿಟ್ರೆ ನಿಮಗೆ ಈ ಕಡೆ ನೋಡೋಕೆ ಏನು ಉಳಿಯುತ್ತೆ ಅಂತ ಸುಮ್ಮನಾದೆ. ಇವತ್ತು ಕೊಡಲೇಬೇಕು ಅಂತ ಬಂದೆ. ಬಾಯಲ್ಲಿ ಹೇಳೋಕಾಗಲ್ಲ ಅಂತ ಹೀಗೆ."

"ಎರಡು ವರ್ಷ" ಎಂದಳು. ದನಿ ಏರಲಿಲ್ಲ, ಅದೇ ಅವನನ್ನು ಹೆಚ್ಚು ಚುಚ್ಚಿತು. "ಅವರು ನನ್ನ ಮೇಲೆ ಸಿಟ್ಟಲ್ಲೇ ಹೋದ್ರು ಅಂತ ಎರಡು ವರ್ಷ ನಂಬಿದೀನಿ. ಇಷ್ಟಗಲದ ಒಂದು ಕಾಗದ ಸಾಕಿತ್ತು, ನಾನು ಮಲಗೋಕೆ."

ಅವನು ಉಳಿದ ಚೀಟಿಗಳನ್ನು ಜೇಬಿಗೆ ಸೇರಿಸಿದ.

ಅವಳು ಚೌಕಟ್ಟನ್ನು ಅವನ ಮುಖದಿಂದ ತೆಗೆದು, ನಂಬರ್ ಬರೆದುಕೊಂಡಳು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. "ಗುರುವಾರ ರೆಡಿ ಇರುತ್ತೆ. ಹೋಗಿ."

ಆ ಪದ ಬಾಯಿಂದ ಹೊರಬಿದ್ದದ್ದು ಅವಳಿಗೇ ಕೇಳಿಸಿತು. ಅವನು ಆಗಲೇ ಬಾಗಿಲು ದಾಟಿದ್ದ.

ಸಂಜೆ ಅತ್ತೆಯ ತೊಡೆಯ ಮೇಲೆ ಆ ಕಾಗದ ಇಟ್ಟಳು. ಅತ್ತೆ ಎರಡು ಸಲ ಓದಿದರು. "ನನ್ನ ಮಗ ಮೂಲಂಗಿ ಬರೆದನಾ?" ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡರು. ಬಹಳ ಹೊತ್ತು ಆ ಮನೆಯಲ್ಲಿ ಯಾವ ದನಿಯೂ ಕೇಳಲಿಲ್ಲ. ಹಳೆಯ ಆ ಎರಡು ಮಾತು ಕೂಡ.

ಆಮೇಲೆ ಮುಖ ಒರೆಸಿಕೊಂಡು ಕೇಳಿದರು: "ಇದನ್ನ ಇಷ್ಟು ದಿನ ಬಚ್ಚಿಟ್ಟಿದ್ದನಾ ಆ ಕೊಕ್ಕೆಯಣ್ಣ? ಕಪಾಳಕ್ಕೆ ಬಾರಿಸಬೇಕಿತ್ತು."

"ಹೂಂ."

"ಬಾರಿಸೋಕಾದ್ರೂ ರಸ್ತೆ ದಾಟಬೇಕಲ್ಲೇ."

ಗುರುವಾರ ಅವನು ಬರಲಿಲ್ಲ. ಶುಕ್ರವಾರವೂ ಇಲ್ಲ. ಕನ್ನಡಕ ಡಬ್ಬಿಯಲ್ಲಿ ಹಾಗೇ ಇತ್ತು. ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತುವ ತನ್ನ ಮೇಲೆ ಅವಳಿಗೇ ಸಿಟ್ಟು ಬರುತ್ತಿತ್ತು.

ಶನಿವಾರ ಸಂಜೆ ಗಾಜಿನ ಅಂಗಡಿಯಲ್ಲಿ ಟಿಣ್ ಎಂದಿತು. ಮಂಜು ಇಳಿಯಿತು. ರಸ್ತೆಯ ಆಚೆ ಯಾರೂ ನೀರು ಚಿಮುಕಿಸಲಿಲ್ಲ. ಅವನು ಈ ಕಡೆ ಬೆನ್ನು ಹಾಕಿ, ತಲೆ ತಗ್ಗಿಸಿ ಬಟಾಣಿ ಸುಲಿಯುತ್ತ ಕೂತಿದ್ದ. ಅವನ ಎದುರಿನ ಗೋಡೆಯಲ್ಲಿ ಮೂರನೆಯ ಕೊಕ್ಕೆ ಖಾಲಿ.

ಎರಡು ವರ್ಷ ಅವಳು ಆ ಚೀಲಕ್ಕೆ ಹೆದರಿದ್ದಳು. ಈಗ ಆ ಬರಿ ಕೊಕ್ಕೆಯನ್ನು ನೋಡಲಾಗಲಿಲ್ಲ. ಇನ್ನು ತನ್ನ ಕಡೆ ನೋಡಬೇಕಾಗಿಲ್ಲ ಎಂದು ಅವನು ಅವಳಿಗೆ ಬಿಡುಗಡೆ ಕೊಟ್ಟುಬಿಟ್ಟಿದ್ದ. ಅವಳು ಕೇಳಿರಲಿಲ್ಲ ಅದನ್ನು.

ತುಂಬಿದ ಬುಟ್ಟಿಯನ್ನು ಸೊಪ್ಪಿನ ಸಾಲಿನ ಕೆಳಗೇ ಇಟ್ಟು, ಬ್ಯಾಗಿನಿಂದ ಪೆನ್ನು, ಹಳೆಯ ಬಿಲ್ಲೊಂದು ತೆಗೆದು ನಿಂತಲ್ಲೇ ಏನೋ ಬರೆದಳು. ಆಮೇಲೆ ರಸ್ತೆ ದಾಟಿದಳು.

"ಮೂಲಂಗಿ ಇದೆಯಾ?"

ಅವನು ತಲೆ ಎತ್ತಿದ. ಬಟಾಣಿ ಕೈಯಿಂದ ಉದುರಿ ನೆಲದ ತುಂಬ ಓಡಿದವು. "ಎಷ್ಟು?"

"ಮೂರು ಕಟ್ಟು. ಎಳೆಯದು."

"ನಾನು..."

"ಎರಡು ವರ್ಷದ್ದು ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

"ಕ್ಷಮಿಸ್ತೀನೋ ಇಲ್ವೋ, ಅದೂ ಗೊತ್ತಿಲ್ಲ. ಮೂಲಂಗಿ ಹಾಕಿ."

ಅವನು ಒಳಗಿನಿಂದ ಮೇಷ್ಟ್ರ ಚೀಲ ತಂದ. ಒಗೆದು, ಮಡಿಸಿ ಇಟ್ಟಿದ್ದ. ಮೂಲೆಯಲ್ಲಿ ಅವಳೇ ಹೊಲಿದಿದ್ದ ನೀಲಿ ತೇಪೆ ಹಾಗೇ ಇತ್ತು. ಮೂಲಂಗಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಆರಿಸಿದ. ಮಣ್ಣಿನ, ಎಲೆಯ ಆ ಗಾಢ ವಾಸನೆ ಅವಳ ಮುಖಕ್ಕೆ ರಾಚಿತು. ಚೀಲ ತುಂಬಿಯಾದ ಮೇಲೆ ಅವಳ ಕಡೆ ಚಾಚಿದವನು ಅರ್ಧದಲ್ಲೇ ಕೈ ತಡೆದ.

"ನಿಮ್ಮ ಕೈಗೆ ಕೊಡಬಾರದು ಅಂತ ಬರೆದಿದೆ" ಎಂದ ಮೆಲ್ಲಗೆ.

ಚೀಲವನ್ನು ಮೂರನೆಯ ಕೊಕ್ಕೆಗೆ ನೇತುಹಾಕಿ, ಆಚೆ ಸರಿದು, ಗೋಡೆಯ ಕಡೆ ಮುಖ ತಿರುಗಿಸಿ ನಿಂತ.

ಅವಳು ಕೊಕ್ಕೆಯ ಮುಂದೆ ಒಬ್ಬಳೇ ಉಳಿದಳು. ಒಬ್ಬಳೇ ಅಲ್ಲ. ಚೀಲದ ಹಿಡಿಕೆ ಮೆಲ್ಲಗೆ ತೂಗುತ್ತಿತ್ತು, ಈಗ ತಾನೆ ಯಾರೋ ಕೈ ಬಿಟ್ಟ ಹಾಗೆ. ಅವಳು ಎರಡೂ ಕೈ ಚಾಚಿ ಇಸಿದುಕೊಂಡಳು. "ಆಯ್ತು" ಎಂದಳು, ಮೇಷ್ಟ್ರಿಗೆ ಕೇಳುವಷ್ಟು ಮಾತ್ರ. ಮುಂದಿನ ಪದ ಈ ಸಲ ಹೇಳಲಿಲ್ಲ. ಅದಾಗಲೇ ಹಗುರವಾಗಿ ಹೋಗಿಯಾಗಿತ್ತು.

ತರಕಾರಿಯವನು ತಿರುಗುವಷ್ಟರಲ್ಲಿ ಅವಳು ರಸ್ತೆಯ ಅಂಚು ಮುಟ್ಟಿದ್ದಳು. ಮೂರನೆಯ ಕೊಕ್ಕೆಯಲ್ಲಿ ಬೇರೊಂದು ಚೀಲವಿತ್ತು, ಅವಳದು. ಒಳಗೆ ಕನ್ನಡಕದ ಡಬ್ಬಿ. ಅದರ ಕೆಳಗೆ, ಗಾಜಿನ ಅಂಗಡಿಯ ಬಿಲ್ಲಿನ ಹಿಂಬದಿಯಲ್ಲಿ, ಬೇಕೆಂದೇ ಸಾಸಿವೆಯಷ್ಟು ಸಣ್ಣಗೆ ಬರೆದ ಒಂದು ಸಾಲು.

ಅವನು ಕನ್ನಡಕ ಹಾಕಿಕೊಂಡು ಓದಿದ.

"ಮುಂದಿನ ಶನಿವಾರದ್ದು ನನ್ನ ಕೈಗೇ ಕೊಡಿ."