ತೊಳೆಯದ ಮೆಣಸಿನಕಾಯಿ

ಬೇವಿನೆಲೆಯ ಕಷಾಯವನ್ನು ಯಂತ್ರದ ಗಾಜಿನ ನಳಿಗೆಗೆ ಸುರಿದು ಬಸಲಿಂಗವ್ವ ಗುಂಡಿ ಒತ್ತಿದಳು. ಒಳಗಿದ್ದ ಬೆಳ್ಳಿಯ ಲವಣದ ತಿಳಿನೀರು ನೋಡನೋಡುತ್ತ ಹಳದಿಯಾಗಿ, ಆಮೇಲೆ ಚಹದ ಬಣ್ಣಕ್ಕೆ ತಿರುಗಿತು. ಎಲೆಯ ರಸ ಲವಣದೊಳಗಿನ ಬೆಳ್ಳಿಯನ್ನು ಬಿಡಿಸಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿಸುತ್ತದೆ. ಅವು ಒಂದಕ್ಕೊಂದು ಅಂಟಿಕೊಳ್ಳದಂತೆ ಕಾಯುವುದೂ ಅದೇ ರಸ. ಈ ನ್ಯಾನೋ ಕಣಗಳ ನಾಲ್ಕು ಹನಿ ಕೊಡಕ್ಕೆ ಬಿದ್ದರೆ ರೋಗಾಣುಗಳ ಕತೆ ಮುಗಿಯಿತು. ಗದಗಿನಲ್ಲಿ ಈ ಯಂತ್ರವಿಲ್ಲದ ಅಡುಗೆಮನೆಯೇ ಉಳಿದಿರಲಿಲ್ಲ. ವಾಂತಿಭೇದಿಗೆ ಮಗು ಹೋಯಿತೆಂಬ ಸುದ್ದಿಯನ್ನು ಊರು ಮರೆತೇ ಬಿಟ್ಟಿತ್ತು.

ಬಸಲಿಂಗವ್ವ ಮಾತ್ರ ಮರೆತಿರಲಿಲ್ಲ. ಅವಳ ಚೊಚ್ಚಲ ಮಗು ಹೋದದ್ದು ಹಾಗೆಯೇ. ಅದಕ್ಕೇ ಆ ನೀರೆಂದರೆ ಅವಳಿಗೆ ತೀರ್ಥ. ಕುಡಿಯುವುದಷ್ಟೇ ಅಲ್ಲ, ಮೊಸರಿನ ಗಡಿಗೆಗಳನ್ನೂ ಅದರಲ್ಲೇ ತೊಳೆಯತೊಡಗಿದಳು. ಅವಳು ಮೊಸರು ಮಾರುವಾಕೆ. ಅತ್ತೆ ಕೊಟ್ಟ ಹೆಪ್ಪನ್ನು ಒಂದು ದಿನವೂ ತಪ್ಪದೆ ಉಳಿಸಿಕೊಂಡು ಬಂದವಳು. ಈಗ ಸಂಜೆ ಹೆಪ್ಪು ಹಾಕಿದ ಹಾಲು ಬೆಳಗಿಗೂ ಹಾಲಾಗಿಯೇ ಇರುತ್ತಿತ್ತು. ಓಣಿಯಲ್ಲಿ ಹೆಪ್ಪು ಕೇಳಿದರೆ ಎಲ್ಲರ ಮನೆಯಲ್ಲೂ ಅದೇ ಗೋಳು. ಪೊಟ್ಟಣದ ಮೊಸರೋ, ಕಾರ್ಖಾನೆಯಲ್ಲಿ ಹುಳಿ ಬೆರೆಸಿದ್ದು, ಜೀವವಿಲ್ಲದ್ದು.

ಕೊನೆಗೆ ಅವಳು ಖಾಲಿ ಗಡಿಗೆ ಹೊತ್ತು, ಯಂತ್ರ ಕಂಡುಹಿಡಿದ ಡಾಕ್ಟರ್ ಶಶಿರೇಖಾ ಹಿರೇಗೌಡರ ಮನೆಗೇ ಹೋದಳು.

"ಅತ್ತಿ ಕೊಟ್ಟಿದ್ದು ನನ್ನ ಕೈಯಾಗ ಸತ್ತ ಹೋತ್ರಿ ಬಾಯಾರ," ಎಂದು ಅತ್ತಳು.

ಶಶಿರೇಖಾಗೆ ಗಡಿಗೆ ನೋಡಿದೊಡನೆ ಎಲ್ಲ ತಿಳಿಯಿತು. ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ಬೆಳ್ಳಿ ಕೂತುಬಿಟ್ಟಿತ್ತು. ಹಾಲನ್ನು ಮೊಸರಾಗಿಸುವುದೂ ಒಂದು ಬಗೆಯ ಸೂಕ್ಷ್ಮಜೀವಿಯೇ, ಬೆಳ್ಳಿಗೆ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂಬ ಗುರುತು ಹತ್ತುವುದಿಲ್ಲ ಎಂದು ವಿವರಿಸಿದಳು. ಆದರೆ ಮಕ್ಕಳನ್ನು ಉಳಿಸಿದ ನೀರನ್ನು ಬಿಡಿ ಎನ್ನುವುದು ಯಾವ ಬಾಯಿಂದ?

ಹೆಪ್ಪಿಲ್ಲದಾಗ ಮೆಣಸಿನಕಾಯಿಯ ತೊಟ್ಟಿನಿಂದ ಮೊಸರು ಮಾಡುವುದು ಇಬ್ಬರಿಗೂ ಗೊತ್ತಿತ್ತು. ಬಸಲಿಂಗವ್ವ ಅದನ್ನೂ ಮಾಡಿ ಸೋತಿದ್ದಳು. ಕಾಯಿ ತೊಳೆದದ್ದು ಯಾವ ನೀರಿನಲ್ಲಿ ಎಂದು ಕೇಳಬೇಕಾಗಿಯೇ ಇರಲಿಲ್ಲ. ಹೊಸ ಗಡಿಗೆ ತರಿಸಿದರು, ಹಾಲು ಕಾಯಿಸಿ ಆರಿಸಿದರು. ಹಿತ್ತಲ ಗೋಡೆಯ ಸಂದಿನಲ್ಲಿ ತಾನಾಗಿ ಹುಟ್ಟಿದ ಮೆಣಸಿನ ಗಿಡವೊಂದಿತ್ತು. ಅದರ ಮೇಲೆ ಧೂಳು, ಹಕ್ಕಿಯ ಹಿಕ್ಕೆ. ಬಸಲಿಂಗವ್ವ ಎರಡು ಕಾಯಿ ಕಿತ್ತು, ರೂಢಿಯಂತೆ ತೊಳೆಯಲು ನೇರ ಬೆಳ್ಳಿನೀರಿನ ಕೊಡದ ಕಡೆ ನಡೆದಳು.

ಶಶಿರೇಖಾ ಅವಳ ಮುಂಗೈ ಹಿಡಿದಳು. "ತೊಳೀಬ್ಯಾಡ್ರಿ, ಬಸಲಿಂಗವ್ವ."

ಬಸಲಿಂಗವ್ವ ಅವಳ ಮುಖವನ್ನೇ ನೋಡಿದಳು. "ತೊಳೀರಿ ತೊಳೀರಿ ಅಂತ ಊರಿಗೆಲ್ಲಾ ಕಲಿಸಿದವ್ರು ನೀವ ಅಲ್ರಿ?"

"ಹೌದ್ರಿ, ನಾನ," ಎಂದಳು ಶಶಿರೇಖಾ. ಕೈ ಬಿಡಲಿಲ್ಲ.

ಮರುದಿನ ಗಡಿಗೆಯಲ್ಲಿ ಮೊಸರು ತೆಳ್ಳಗೆ ಹೆಪ್ಪುಗಟ್ಟಿತ್ತು. ಬಸಲಿಂಗವ್ವ ಒಂದು ಬಟ್ಟಲು ಹೆಪ್ಪು ತೆಗೆದು ಮೊದಲು ಡಾಕ್ಟರಿಗೇ ಕೊಟ್ಟಳು, ಉಳಿದದ್ದು ಓಣಿಗೆ ಹೋಯಿತು. ಹಾಲನ್ನು ಮೊಸರಾಗಿಸಿದ್ದು ಆ ತೊಟ್ಟಿನ ಮೇಲಿದ್ದದ್ದೇ; ಅದನ್ನು ಹಿಂದಿನ ದಿನದವರೆಗೂ ಊರೆಲ್ಲ ಕೊಳೆ ಎನ್ನುತ್ತಿತ್ತು, ಈ ಕತೆ ಓದುವ ನಾವು ಇಂದಿಗೂ ಎನ್ನುವ ಹಾಗೆಯೇ.