ಕಳಸದ ಅತ್ತೆ ಮನೆ ಊಟ

"ಇನ್ನೆರಡು ಹಾಕಿ ಆಂಟಿ," ಎಂದು ತನ್ಮಯ್ ಬಾಳೆಲೆಯಲ್ಲಿ ಜಾಗ ಮಾಡಿಕೊಟ್ಟ.

ಕಡುಬಿನ ಪಾತ್ರೆ ಹಿಡಿದಿದ್ದ ಕಳಸದ ಅತ್ತೆಯ ಮುಖ ಊರಗಲವಾಯಿತು. ಹಿಂದೆ ಕೋಳಿ ಸಾರಿನ ಸೌಟು ಹಿಡಿದು ನಿಂತಿದ್ದ ರೂಪಶ್ರೀಯ ಎದೆ ಮಾತ್ರ ಧಸಕ್ಕೆಂದಿತು.

'ತಿನ್ನು ಮಾರಾಯ, ಹೊಟ್ಟೆ ಬಿರಿಯೋ ಹಾಗೆ ತಿನ್ನು,' ಎಂದು ಮನಸ್ಸಿನಲ್ಲೇ ಬೈದಳು. 'ಇನ್ನು ನನ್ನ ಮುಖ ನೋಡೋಕೆ ಬರ್ಬೇಡ.'

ಹಸಿದವನು ನಾಲ್ಕು ಕಡುಬು ಉಂಡರೆ ಇವಳ ಗಂಟೇನು ಹೋಯಿತು ಎನ್ನಬೇಡಿ. ಹೋದದ್ದು ಸಣ್ಣ ಗಂಟಲ್ಲ.

ರೂಪಶ್ರೀಯ ಅಪ್ಪ ಚನ್ನಕೇಶವ ಮೂಡಿಗೆರೆಯವರು. ಮಸ್ಕತ್ತಿನಲ್ಲಿ ಕೆಲಸ ಹಿಡಿದು, ಹೆಂಡತಿ ಸಾವಿತ್ರಮ್ಮ ಮತ್ತು ಪುಟ್ಟ ಮಗಳನ್ನು ಕರೆಸಿಕೊಂಡು, ಅಲ್ಲೇ ಬೇರು ಬಿಟ್ಟಿದ್ದರು. ಅಲ್ಲಿ ಅವರ ಎದುರು ಬಾಗಿಲಿನ ಮನೆಯೇ ತನ್ಮಯನದು. ರಜೆ ಬಂತೆಂದರೆ ಎರಡೂ ಸಂಸಾರ ಒಂದೇ ಗಾಡಿ ಹತ್ತುತ್ತಿದ್ದವು. ಅಲ್ಲಿನ ನಿಜ್ವಾ ಊರಿನ ಕೋಟೆಗೂ ಸಲಾಲಾ ಊರಿನ ತುಂತುರು ಮಳೆಗೂ ಚಿತ್ರಾನ್ನದ ಡಬ್ಬಿ ಹೊತ್ತು ಒಟ್ಟಿಗೇ ಅಲೆದದ್ದು. ಎರಡು ಸಾವಿರದ ಒಂದನೇ ಇಸವಿಯ ಡಿಸೆಂಬರ್ ರಜೆಗೆ ಚನ್ನಕೇಶವ, "ಮರಳು ನೋಡಿದ್ದು ಸಾಕು, ಈ ಸಲ ನಮ್ಮೂರಿಗೆ ಬನ್ನಿ," ಎಂದರು. ತನ್ಮಯನೂ ಅವನ ತಾಯಿ ವಿಮಲಮ್ಮನೂ ಹೊರಟೇಬಿಟ್ಟರು. ವಿಮಲಮ್ಮ ಮಂಡ್ಯದ ಕಡೆಯವರು. ಮಲೆನಾಡನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದರು.

ಇಷ್ಟು ವರ್ಷ ಎದುರುಬದುರು ಇದ್ದವರು ಪ್ರೀತಿಯ ಮಾತಾಡಿದ್ದರೇ? ಇಲ್ಲ ಸ್ವಾಮಿ, ಒಂದಕ್ಷರ ಆಡಿರಲಿಲ್ಲ. ಲಿಫ್ಟಿನ ಬಾಗಿಲನ್ನು ಅವಳು ಬರುವ ತನಕ ಕಾಲಲ್ಲಿ ತಡೆದು ನಿಲ್ಲಿಸುತ್ತಿದ್ದ. ಅವಳು ಶಾಲೆಯಲ್ಲಿ ಪಾಠ ಮಾಡಿ ದಣಿದು ಬಂದರೆ, "ಏನ್ ಟೀಚರ್, ಇವತ್ತು ಎಷ್ಟು ಕಿವಿ ಹಿಂಡಿದ್ರಿ?" ಎನ್ನುತ್ತಿದ್ದ. ಅವಳು ಮುಖ ಊದಿಸಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿದ ಮೇಲೆ ನಗುತ್ತಿದ್ದಳು. ಈ ರಜೆಯಲ್ಲಿ ಹೇಳುತ್ತಾನೆ, ನಮ್ಮೂರಿನಲ್ಲೇ ಹೇಳುತ್ತಾನೆ ಎಂದು ಅವಳಿಗೆ ಒಳಗೊಳಗೇ ನಂಬಿಕೆಯಿತ್ತು.

ಆ ಊಟದ ದಿನ ಬೆಳಿಗ್ಗೆ, ಎಲ್ಲರೂ ಇಳಿದುಕೊಂಡಿದ್ದ ಮೂಡಿಗೆರೆಯ ಅಜ್ಜಿಯ ಮನೆಯಿಂದ ಕಳಸಕ್ಕೆ ಹೊರಟ ಜೀಪಿನಲ್ಲಿ ಅವನು ಡ್ರೈವರ್ ಪಕ್ಕ ಕೂತಿದ್ದ. ಹಿಂದಿನ ಸೀಟಿನವಳನ್ನು ಕನ್ನಡಿಯಲ್ಲಿ ನೋಡುವುದು, ಅವಳು ನೋಡಿದ ತಕ್ಷಣ ಕಿಟಕಿಯಾಚೆಯ ಕಾಫಿ ಗಿಡ ಎಣಿಸುವವನಂತೆ ನಟಿಸುವುದು. ಅವಳಿಗೆ ನಗು ತಡೆಯಲಾಗಲಿಲ್ಲ. ಮಾತಿಗೆ ಒಂದು ನೆಪ ಬೇಕಿತ್ತು.

"ನಮ್ಮ ಅತ್ತೆ ಮನೇಲಿ ಹುಷಾರಾಗಿರು," ಎಂದಳು. "ನಮ್ಮ ಕಡೆ ಹೆಣ್ಣು ನೋಡೋಕೆ ಹೋದೋರು ಉಪ್ಪಿಟ್ಟು, ಕಾಫಿ ತಗೊಂಡು ಎದ್ದುಬಿಡ್ತಾರೆ. ಊಟಕ್ಕೆ ಏಳಿ ಅಂತ ಮನೆಯವರು ಅಂದೇ ಅಂತಾರೆ. 'ಇನ್ನೊಂದ್ಸಲ ಬರ್ತೀವಿ' ಅನ್ಬೇಕು. ಊಟಕ್ಕೆ ಕೂತ್ರೋ, ಮುಗೀತು. ಹೆಣ್ಣು ಒಪ್ಪಿದ ಹಾಗೇ."

"ಹಾಗಾ?" ತನ್ಮಯ್ ಕನ್ನಡಿಯಲ್ಲೇ ಅವಳನ್ನು ದಿಟ್ಟಿಸಿದ. "ಕಾಫಿ ಯಾರು ತಂದ್ಕೊಡ್ತಾರೆ?"

"ಹೆಣ್ಣೇ ತಂದ್ಕೊಡೋದು. ಮತ್ತೆ ಅವರಜ್ಜಿ ಕೊಡ್ತಾರಾ?"

ಅವನು ನಕ್ಕು, ನೆನಪಿಟ್ಟುಕೊಳ್ಳುವವನಂತೆ ತಲೆಯಾಡಿಸಿದ. ಅಷ್ಟರಲ್ಲಿ ಕೊಟ್ಟಿಗೆಹಾರದಾಚೆಯ ತಿರುವುಗಳು ಶುರುವಾಗಿ, ಅವನು ತಿಂದಿದ್ದ ನೀರುದೋಸೆಯೆಲ್ಲ ರಸ್ತೆ ಬದಿಗೆ ಹೋಯಿತು.

ಅತ್ತೆ ಚನ್ನಕೇಶವರ ತಂಗಿ, ಮದುವೆಗೆ ಬಂದ ಮಗಳು ಶಾಲಿನಿಯ ತಾಯಿ. ಹುಡುಗನಿಗೆ ಮದುವೆ ಆಗಿದೆಯೇ ಎಂದು ಫೋನಿನಲ್ಲಿ ಕೇಳಿದ್ದರಂತೆ. "ಇಲ್ಲ, ಹೆಣ್ಣು ನೋಡ್ತಿದಾರೆ," ಎಂದು ಅಣ್ಣ ಹೇಳಿದ್ದರಂತೆ. ಅಷ್ಟು ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಮ್ಮ ಅತ್ತೆ. ಜೀಪು ಅಂಗಳಕ್ಕೆ ಬರುವ ಹೊತ್ತಿಗೆ ಎರಡು ಕೋಳಿಯ ಕಥೆ ಮುಗಿದಿತ್ತು.

ರೂಪಶ್ರೀಯನ್ನು ನೇರ ಒಳಕೋಣೆಗೆ ಎಳೆದೊಯ್ದು ಕೈಗೊಂದು ಸೀರೆ ತುರುಕಿದರು. "ಉಟ್ಕೊ ಮಗಾ. ಶಾಲಿನಿ ಒಬ್ಳೇ ಸೀರೆ ಉಟ್ರೆ ನಾಚ್ಕೊಳ್ತಾಳೆ. ಹುಡುಗ ಲಾಯ್ಕಿದ್ದಾನಲ್ಲೇ! ನಮ್ಮ ಶಾಲಿನಿನ ಒಪ್ಪಿದ್ರೆ ಮಂಜುನಾಥಂಗೆ ಒಂದು ಹಣ್ಣುಕಾಯಿ."

ರೂಪಶ್ರೀಗೆ ಬೇಡ ಅನ್ನಲು ಬಾಯಿ ಬಂದೀತೇ? ಅವನು ನನ್ನವನು ಎಂದು ಅವನೇ ಹೇಳಿಲ್ಲ, ಇವಳು ಯಾವ ಬಾಯಲ್ಲಿ ಹೇಳುವುದು? ಆಗಲಿ, ಅವನಿಗೆ ಪದ್ಧತಿ ಗೊತ್ತಲ್ಲ, ಕಾಫಿ ಕುಡಿದು ಏಳುತ್ತಾನೆ ಎಂದು ಸಮಾಧಾನ ಮಾಡಿಕೊಂಡಳು.

ಅಡುಗೆಮನೆ ಬಾಗಿಲಲ್ಲಿ ಕಾಫಿ ಟ್ರೇ ಹಿಡಿದು ನಿಂತಿದ್ದ ಶಾಲಿನಿ, ಅಮ್ಮ ಆಚೆ ತಿರುಗಿದ್ದೇ ತಡ, ಟ್ರೇಯನ್ನು ರೂಪಶ್ರೀಯ ಕೈಗೆ ದಾಟಿಸಿದಳು.

"ಏ, ಎಂತದೇ ಇದು?"

"ಕೈ ನಡುಗ್ತಿದೆ ಮಾರಾಯ್ತಿ. ನೀನೇ ಕೊಡು. ನಿನ್ನ ಪರಿಚಯದವ್ರೇ ಅಲ್ವಾ?"

ಹಾಗೆ ರೂಪಶ್ರೀ ಕಾಫಿ ತಂದಳು. ಜರಿಯಂಚಿನ ಸೀರೆಯಲ್ಲಿ ಅವಳನ್ನು ಕಂಡ ತನ್ಮಯ್ ಲೋಟ ತೆಗೆದುಕೊಳ್ಳುವುದನ್ನೇ ಮರೆತ. ಕಣ್ಣು ಅವಳ ಮುಖದಿಂದ ಕೈಬಳೆಗೆ, ಬಳೆಯಿಂದ ಮತ್ತೆ ಮುಖಕ್ಕೆ ಹೋಯಿತು. ವಿಮಲಮ್ಮ ಮಗನ ಮೊಣಕೈ ತಿವಿದರು. ಅದೇ ಹೊತ್ತಿಗೆ ಅತ್ತೆ ಒಳಗಿನಿಂದ ಬಂದು, ವಾಡಿಕೆಯಂತೆ, "ಊಟ ಮಾಡ್ಕೊಂಡೇ ಹೋಗ್ಬೇಕು," ಎಂದರು.

"ಖಂಡಿತ ಆಂಟಿ!" ಎಂದ ತನ್ಮಯ್. "ಕೈ ತೊಳೆಯೋದೆಲ್ಲಿ?"

ಅತ್ತೆಯ ಗಂಡನ ಜತೆ ಕಾಫಿ ಒಣಗಿಸುವ ಕಣಕ್ಕೆ ಹೋಗಿದ್ದ ಚನ್ನಕೇಶವರಿಗೆ ಇದಾವುದೂ ಗೊತ್ತಾಗಲಿಲ್ಲ. ಸಾವಿತ್ರಮ್ಮನಿಗೆ ಗೊತ್ತಾಯಿತು, ಆದರೆ ನಾದಿನಿಯ ಮನೆಯಲ್ಲಿ ಅತಿಥಿಯ ಕೈ ಹಿಡಿದು ಉಣ್ಣಬೇಡ ಎನ್ನುವುದು ಹೇಗೆ? ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಆ ಪುಣ್ಯಾತ್ಮ ಕೂತ, ಉಂಡ, ಕೇಳಿ ಕೇಳಿ ಹಾಕಿಸಿಕೊಂಡ. ನಡುನಡುವೆ ತಲೆಯೆತ್ತಿ ರೂಪಶ್ರೀಯನ್ನು ನೋಡಿ ಕಣ್ಣಲ್ಲೇ ನಗುತ್ತಿದ್ದ. ಗೊತ್ತಿದ್ದೂ ಗೊತ್ತಿದ್ದೂ ಶಾಲಿನಿಯನ್ನು ಒಪ್ಪಿ, ಇವಳನ್ನು ನೋಡಿ ನಗುವುದೆಂದರೆ ಏನರ್ಥ? ಅವಳಿಗೆ ಅಳು ಬಂತು. ಖಾರದ ಹೊಗೆ ಎಂದು ಕಣ್ಣೊರೆಸಿಕೊಂಡಳು.

ಮರುದಿನ ಬೆಟ್ಟದ ಮೇಲಿನ ಅತ್ತಿಗುಂಡಿಯ ಕಡೆ ಪ್ರವಾಸ. ದೊಡ್ಡವರು ಅಂಗಡಿಯ ಮುಂದೆ ಚಹಾ ಕುಡಿಯುತ್ತ ನಿಂತರು. ಗಾಳಿ ಶಾಲನ್ನು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ರೂಪಶ್ರೀ ಕಣಿವೆ ನೋಡುತ್ತ ಒಬ್ಬಳೇ ನಿಂತಿದ್ದಳು. ತನ್ಮಯ್ ಸುಟ್ಟ ಜೋಳ ಹಿಡಿದುಕೊಂಡು ಪಕ್ಕಕ್ಕೆ ಬಂದ.

"ಟೀಚರ್‌ಗೆ ನಿನ್ನೆಯಿಂದ ಕೋಪ."

"ನನಗ್ಯಾಕೆ ಕೋಪ? ಉಂಡೋನು ನೀನು."

"ಹೌದು, ಮನಸಾರೆ ಉಂಡೆ." ಅವನ ದನಿ ಮೆತ್ತಗಾಯಿತು. "ನಿನಗೆ ಖುಷಿಯಾಗುತ್ತೆ ಅಂದ್ಕೊಂಡಿದ್ದೆ."

"ಖುಷಿನಾ? ನನಗಾ?" ಅವಳು ಗಕ್ಕನೆ ತಿರುಗಿದಳು. ಗಾಳಿಗೆ ಕೂದಲು ಮುಖಕ್ಕೆ ಬಡಿಯಿತು. ಅವನು ಸರಿಸಲು ಕೈಯೆತ್ತಿದವನು ಅರ್ಧದಲ್ಲೇ ಇಳಿಸಿದ. "ನಾನೇ ಪದ್ಧತಿ ಹೇಳ್ಕೊಟ್ಟೆ. ನನ್ನ ಮುಂದೇನೇ ಎಲೆ ಹಾಕಿಸ್ಕೊಂಡು ಕೂತೆ. ಇನ್ನು ನಾನು ಕುಣೀಬೇಕಾ?"

ತನ್ಮಯನ ಮುಖದ ನಗು ಆರಿಹೋಯಿತು. "ಬೇಡದಿದ್ರೆ ಮೊದ್ಲೇ ಹೇಳ್ಬಹುದಿತ್ತಲ್ಲ ರೂಪಾ. ಬೇಡದೇ ಇರೋಳು ಕಾಫಿ ಯಾಕೆ ತಂದೆ?"

"ಕಾಫಿಗೂ ಇದಕ್ಕೂ ಎಂತ ಸಂಬಂಧ?"

ಅವನು ಜೋಳವನ್ನು ಅವಳ ಕೈಗಿಟ್ಟು ಜೀಪಿನ ಕಡೆ ನಡೆದ. ವಾಪಸು ದಾರಿಯುದ್ದಕ್ಕೂ ಕನ್ನಡಿಯಲ್ಲಿ ಒಮ್ಮೆಯೂ ಅವಳನ್ನು ನೋಡಲಿಲ್ಲ. ನಿನ್ನೆ ಮೋಸ ಮಾಡಿದವನು ಇವತ್ತು ಮೋಸ ಹೋದವನ ಮುಖ ಹೊತ್ತು ಕೂತಿದ್ದಾನಲ್ಲ! ರೂಪಶ್ರೀಗೆ ತಲೆಬುಡ ತಿಳಿಯಲಿಲ್ಲ. ಎರಡು ದಿನ ಕಳೆದರೆ ಮಸ್ಕತ್ತಿಗೆ ವಾಪಸು, ಅದೇ ಎದುರು ಬಾಗಿಲು. ಆ ಬಾಗಿಲಿಂದ ಶಾಲಿನಿ ಹೊಸ ಮದುಮಗಳಾಗಿ ಸಕ್ಕರೆ ಕೇಳಲು ಬಂದರೆ ಹೇಗೆ ಬದುಕುವುದು ಎಂದು ಯೋಚಿಸುತ್ತ, ಆರಿದ ಜೋಳವನ್ನು ಹಿಡಿದೇ ಇದ್ದಳು.

ಮಾರನೆ ಬೆಳಿಗ್ಗೆ ಮೂಡಿಗೆರೆಯ ಅಜ್ಜಿಯ ಮನೆಯಲ್ಲಿ ಎಲ್ಲರೂ ಅಕ್ಕಿರೊಟ್ಟಿ ತಿಂದು ಕೈ ತೊಳೆಯುತ್ತಿದ್ದಾಗ ಕಳಸದ ಜೀಪು ಬಂದು ನಿಂತಿತು. ಅತ್ತೆ ಇಳಿದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು. ಹಿಂದೆ ಶಾಲಿನಿ.

"ಗಂಡಿನ ಕಡೆಯವ್ರು ಉಂಡು ಹೋದ್ಮೇಲೆ ನಾವು ಸುಮ್ನಿರೋದು ಚೆನ್ನಾಗಿರಲ್ಲ," ಎಂದು ಅತ್ತೆ ತಟ್ಟೆಯನ್ನು ವಿಮಲಮ್ಮನ ಮುಂದಿಟ್ಟರು. "ನಮಗೂ ಒಪ್ಪಿಗೆ. ನಮ್ಮ ಶಾಲಿನಿ ಇನ್ನು ನಿಮ್ಮ ಮಗಳು."

ವಿಮಲಮ್ಮ ತಟ್ಟೆಗೆ ಚಾಚಿದ್ದ ಕೈ ಗಾಳಿಯಲ್ಲೇ ನಿಂತಿತು. "ಶಾಲಿನಿಯಾ? ಅಯ್ಯೋ ಶಿವನೇ, ನಾವು ರೂಪ ಅಂದ್ಕೊಂಡಿದ್ವಲ್ಲ ಕಣ್ರೀ!"

ಎಲ್ಲರೂ ತನ್ಮಯನ ಕಡೆ ತಿರುಗಿದರು.

"ಈ ಮನೇಲಿ ನಾವು ಮೊದ್ಲೇ ನೆಂಟರಾಗಿ ಇಳ್ಕೊಂಡಿದೀವಿ, ಇಲ್ಲೇ ಹೆಣ್ಣು ನೋಡೋ ಶಾಸ್ತ್ರ ಆಗಲ್ಲ," ತನ್ಮಯ್ ತೊದಲಿದ. "ಹೆಣ್ಣನ್ನ ಸೋದರತ್ತೆ ಮನೇಲಿ ತೋರಿಸೋದೂ ಉಂಟು ಅಂತ ಅಮ್ಮ ಹೇಳಿದ್ರು. ರೂಪ ಸೀರೆ ಉಟ್ಕೊಂಡು ಕಾಫಿ ತಂದ್ಲು. ದಾರೀಲಿ ಊಟದ ವಿಷಯ ಅವಳೇ ಹೇಳಿದ್ದಳು. ಒಪ್ಪಿದ್ರೆ ಊಟಕ್ಕೆ ಕೂರು ಅಂತ ನನಗೆ ಹೇಳಿಕೊಡ್ತಿದಾಳೆ ಅಂದ್ಕೊಂಡೆ. ಅದಕ್ಕೇ ಅಷ್ಟು ಉಂಡಿದ್ದು."

ರೂಪಶ್ರೀ ಅವನನ್ನೇ ನೋಡಿದಳು. ಆ ಕಡುಬುಗಳೆಲ್ಲ ತನಗಾಗಿಯೇ! ನಿನ್ನೆ ಅತ್ತಿಗುಂಡಿಯಲ್ಲಿ ತಾನು ಬೈದದ್ದನ್ನು ಅವನು ಏನೆಂದು ತಿಳಿದಿರಬೇಕು? ಒಂದು ಕಡೆ ಸಂತೋಷ ಉಕ್ಕಿತು. ಇನ್ನೊಂದು ಕಡೆ ಅತ್ತೆಯ ಕಪ್ಪಿಟ್ಟ ಮುಖ ಕಣ್ಣಿಗೆ ಬಿತ್ತು. ಶಾಲಿನಿಗೆ ಅವಮಾನ ಮಾಡಿ ತಾನು ನಗುವುದು ಯಾವ ನ್ಯಾಯ?

"ಏನಣ್ಣ ಇದು?" ಅತ್ತೆಯ ದನಿ ಏರಿತು. "ನಮ್ಮ ಮನೆ ಊಟ ಅಂದ್ರೆ ಛತ್ರದ ಊಟನಾ?"

"ನನಗೆ ಈ ಮನೇಲಿ ಯಾರಾದ್ರೂ ಏನಾದ್ರೂ ಹೇಳಿದ್ರೆ ತಾನೇ?" ಎಂದು ಚನ್ನಕೇಶವ ಹಣೆ ಹಿಡಿದುಕೊಂಡರು.

ಮೂಲೆಯಲ್ಲಿ ಎಲೆ ಜಗಿಯುತ್ತಿದ್ದ ಅಜ್ಜಿ ಆಗ ಬಾಯಿ ತೆರೆದರು. "ಎಲ್ರೂ ಸ್ವಲ್ಪ ಸುಮ್ನಿರಿ. ಕಾಫಿ ಕೊಟ್ಟೋಳು ಯಾರು?"

"ರೂಪ," ಎಂದಳು ಶಾಲಿನಿ, ಬೇರೆ ಯಾರೂ ಹೇಳುವ ಮೊದಲೇ ಮುಂದೆ ಬಂದು. "ನಾನೇ ಟ್ರೇ ಕೊಟ್ಟಿದ್ದು ಅಜ್ಜಿ. ಬೇಕಂತಲೇ."

"ಶಾಲಿನೀ!" ಎಂದರು ಅತ್ತೆ.

"ಮತ್ತೆಂತ ಅಮ್ಮ? ಜೀಪಿಂದ ಇಳಿದಾಗ್ಲಿಂದ ಅವ್ರ ಕಣ್ಣು ಇವಳ ಹಿಂದೆಯೇ ಇತ್ತು. ನಾನೇನು ಕುರುಡಿಯಾ? ನಂಗೆ ಅವ್ರು ಬೇಡ. ಬೇರೆಯವಳನ್ನ ನೋಡ್ತಾ ನನ್ನ ಕೈ ಕಾಫಿ ಕುಡಿಯೋ ಗಂಡು ನಂಗೆಂತಕ್ಕೆ? ಅವ್ರು ನನ್ನ ಬಿಟ್ಟದ್ದಲ್ಲ. ನಾನು ಎದುರಿಗೇ ಹೋಗಿಲ್ಲ."

ಅಜ್ಜಿ ತಲೆದೂಗಿದರು. "ಹಾಗಾದ್ರೆ ಲೆಕ್ಕ ಸರಿಯಾಗೇ ಇದೆ. ಕಾಫಿ ಕೊಟ್ಟೋಳೇ ಹೆಣ್ಣು, ಉಂಡೋನೇ ಗಂಡು. ಊಟ ಯಾರ ಮನೇದಾದ್ರೆ ಎಂತ? ನಮ್ಮ ಮನೆ ಮಗಳು ಕೊಟ್ಟ ಮನೆ ಅದು. ಶಾಲಿನಿನ ಯಾರೂ ನೋಡೇ ಇಲ್ಲ, ಬೇಡ ಅನ್ನೋ ಮಾತು ಎಲ್ಲಿಂದ ಬರ್ತದೆ?"

ಅತ್ತೆ ಮಗಳನ್ನು ನೋಡಿದರು, ತಟ್ಟೆ ನೋಡಿದರು, ಕೊನೆಗೆ ದೊಪ್ಪನೆ ಕೂತರು. "ಎರಡು ಕೋಳಿ ಹೋದ್ವಲ್ಲೇ ಅಮ್ಮ, ಮೊಟ್ಟೆ ಇಡೋ ಕೋಳಿ!" ಎಂದರು. ಸಾವಿತ್ರಮ್ಮ ನಕ್ಕುಬಿಟ್ಟರು. ಸ್ವಲ್ಪ ಹೊತ್ತಿಗೆ ಅತ್ತೆಯೂ ನಕ್ಕರು, ಒಲ್ಲದ ಮನಸ್ಸಿನಿಂದ.

"ಇನ್ನು ಉಳಿದದ್ದು ನೀನು ಮಗಾ," ಎಂದು ಅಜ್ಜಿ ರೂಪಶ್ರೀಯ ಕಡೆ ತಿರುಗಿದರು. "ಅವ ತನ್ನ ಮಾತು ಉಂಡು ಹೇಳಿದ. ನಿಂದೆಂತ?"

ರೂಪಶ್ರೀ ನೇರ ಒಳಗೆ ಹೋದಳು. ತನ್ಮಯ್ ಅವಳು ಹೋದ ಬಾಗಿಲನ್ನೇ ನೋಡುತ್ತ ನಿಂತ. ಅತ್ತಿಗುಂಡಿಯ ಮಾತುಗಳು ಅವನ ಮುಖದ ಮೇಲೆ ಇನ್ನೂ ಇದ್ದವು.

ಅವಳು ಬಾಳೆಲೆಯೊಂದಿಗೆ ಬಂದಳು. ಅವನ ಮುಂದೆ ಹಾಸಿ, ನೀರು ಚಿಮುಕಿಸಿ, "ಕೂತ್ಕೊ," ಎಂದಳು.

"ಈಗಷ್ಟೇ ಅಕ್ಕಿರೊಟ್ಟಿ ತಿಂದೆ ಕಣೇ. ಹೊಟ್ಟೇಲಿ ಜಾಗ ಇಲ್ಲ."

"ಇಲ್ವಾ?" ಅವಳು ತಲೆಯೆತ್ತಿ ಅವನನ್ನು ನೋಡಿದಳು. ಎರಡು ದಿನದಿಂದ ತಡೆದಿದ್ದ ಕಣ್ಣೀರು ರೆಪ್ಪೆಯಂಚಿಗೆ ಬಂದು ನಿಂತಿತ್ತು, ತುಟಿ ಮಾತ್ರ ನಗುತ್ತಿತ್ತು. "ನನಗೆ ಆವತ್ತು ಗೊತ್ತಿರ್ಲಿಲ್ಲ. ಗೊತ್ತಿದ್ದು ಒಂದ್ಸಲ ಬಡಿಸ್ಬೇಕು."

"ಇದೆ, ಇದೆ, ಬೇಕಾದಷ್ಟು ಜಾಗ ಇದೆ!" ಎಂದು ಅವನು ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ.

ಅವಳು ಬಗ್ಗಿ ಅಕ್ಕಿರೊಟ್ಟಿ ಬಡಿಸುವಾಗ ಅವನು ಮೆಲ್ಲಗೆ, ಅವಳಿಗೆ ಮಾತ್ರ ಕೇಳುವಂತೆ, "ಲಿಫ್ಟಿನ ಹತ್ರಾನೇ ಎಷ್ಟೋ ಸಲ ಹೇಳ್ಬೇಕಂತಿದ್ದೆ," ಎಂದ.

"ಹೇಳಿದ್ರೆ ಎರಡು ಕೋಳಿ ಉಳೀತಿದ್ವು," ಎಂದಳು ಅವಳು.

ಅಷ್ಟರಲ್ಲಿ ಎದ್ದು ಒಳಗೆ ಹೋಗಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು, ರೊಟ್ಟಿಯ ತಟ್ಟೆ ಹಿಡಿದು ಬಂದರು. ಮುಖ ಇನ್ನೂ ಅರ್ಧ ಬಿಗಿದೇ ಇತ್ತು. ಆದರೆ ಬಡಿಸುವ ಮನೆತನದವರ ಕೈ ಸುಮ್ಮನಿರುತ್ತದೆಯೇ?

"ಇನ್ನೆರಡು ಹಾಕ್ಲೇನಪ್ಪಾ?"

ತನ್ಮಯ್ ಉಸಿರು ಬಿಟ್ಟು ರೂಪಶ್ರೀಯ ಕಡೆ ನೋಡಿದ. "ಅವಳನ್ನೇ ಕೇಳಿ."

"ಹಾಕಿ ಅತ್ತೆ," ಎಂದಳು ರೂಪಶ್ರೀ.