ಒದ್ದೆ ದಾರ

ಚಿಕ್ಕಮ್ಮನ ಜೊತೆ ಪ್ರವಾಸ ಹೋಗಿದ್ದ ಪರದೇಶದಲ್ಲಿ ಬುದ್ಧನ ಗುಡಿಯ ಮೆಟ್ಟಿಲಿಗೆ ಸಿಕ್ಕಿ ನನ್ನ ಲಂಗದ ಅಂಚು ಹರಿಯಿತು. ಹೊಲಿಗೆಯೇ ನನ್ನ ಕಸುಬು. ನಾಚಿಕೆಯಿಂದ ಅಂಚನ್ನು ಮುಷ್ಟಿಯಲ್ಲಿ ಹಿಡಿದೇ ಚಿಕ್ಕಮ್ಮನ ಹಿಂದೆ ಈಗ ಮ್ಯೂಸಿಯಂ ಆಗಿರುವ ಹಳೆಯ ಅರಮನೆಗೆ ಹೋದೆ.

"ಬಟ್ಟೆ ಹೊಲಿಯೋಳಿಗೇ ಹರಕು ಲಂಗ. ರಾಣಿ ನೋಡಿದ್ರೆ ನಕ್ಕಾಳು ಕಣೇ," ಎಂದಳು ಚಿಕ್ಕಮ್ಮ.

ಎಂದೋ ತೀರಿಹೋದ ರಾಣಿಯ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಅವಳು ಬಳಸುತ್ತಿದ್ದ, ಕೆಂಪು ದಾರ ಪೋಣಿಸಿದ ಸೂಜಿಯಿತ್ತು. ಪೋಣಿಸುವ ಮುಂಚೆ ನಾವು ತುಟಿಗಿಟ್ಟು ನೆನೆಸಿದ ಹಾಗೆ ದಾರದ ತುದಿ ಒದ್ದೆಯಾಗಿತ್ತು. ಸುಡುವ ಮಧ್ಯಾಹ್ನದಲ್ಲಿ ನನ್ನ ಪಾದಗಳು ಮಾತ್ರ ತಣ್ಣಗಾದವು. ಯಾರೋ ಲಂಗವನ್ನು ಮೆಲ್ಲಗೆ ಜಗ್ಗಿದರು. ಚಿಕ್ಕಮ್ಮನೇ ಇರಬೇಕೆಂದು ಮುಷ್ಟಿ ಬಿಟ್ಟೆ. ತಿರುಗಿದರೆ ಅವಳು ದೂರದ ಬಾಗಿಲಲ್ಲಿದ್ದಳು.

"ಯಾವಾಗ ಹೊಲ್ಕೊಂಡ್ಯೇ?" ಎಂದಳು. ಅಂಚಿನುದ್ದಕ್ಕೂ ಕೆಂಪು ಹೊಲಿಗೆಯಿತ್ತು.

ಊರಿಗೆ ಬಂದಮೇಲೆ ಲಂಗವನ್ನು ಎಷ್ಟೋ ಸಲ ಒಗೆದು ಬಿಸಿಲಿಗೆ ಹಾಕಿದ್ದೇನೆ. ಬಟ್ಟೆ ಒಣಗುತ್ತದೆ. ಆ ದಾರದ ತುದಿ ಮಾತ್ರ ಇವತ್ತಿಗೂ ಒದ್ದೆ.